ಸಹಾಯ ಬೇಕು: ಮನೆಯವರೆಲ್ಲ ಬಳಸುವ ಜಿಮೇಲ್‌ನಲ್ಲಿ ಹಳೆಯ ಆಪ್ ಖರೀದಿ ಕಾಣದ ಹಾಗೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದವಳು. ರೇಷ್ಮೆ ಗೂಡಿನ ವ್ಯವಹಾರಕ್ಕೆ ಅಂತ ಮಾಡಿದ ಒಂದೇ ಜಿಮೇಲ್ ನನ್ನ, ನಮ್ಮ ಯಜಮಾನರ, ಮೈದುನನ ಮೂರೂ ಫೋನಿನಲ್ಲಿದೆ.

ಮಗು ಹುಟ್ಟಿದ ಮೇಲೆ ನನ್ನ ಮನಸ್ಸು ತುಂಬಾ ಕುಗ್ಗಿತ್ತು. ಆಗ ಒಂದು ಕೌನ್ಸೆಲಿಂಗ್ ಆಪ್ ಹಾಕಿಕೊಂಡು ಮೂರು ತಿಂಗಳು ದುಡ್ಡು ಕಟ್ಟಿದ್ದೆ. ಹುಷಾರಾದ ಮೇಲೆ ತೆಗೆದೆ. ಮೊನ್ನೆ ಊಟಕ್ಕೆ ಕೂತಾಗ ಮೈದುನ ಎಲ್ಲರ ಎದುರು, ‘ಅತ್ತಿಗೆ, ಇದು ನೀವು ಹಾಕಿದ್ದಾ?’ ಅಂದ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ನಿಜ. ಆದರೂ ನನಗೆ ತುತ್ತು ಇಳಿಯಲಿಲ್ಲ.

ಪ್ಲೇ ಸ್ಟೋರ್‌ನ ‘ನಾಟ್ ಇನ್‌ಸ್ಟಾಲ್ಡ್’ ಪಟ್ಟಿಯಿಂದ ಅದನ್ನು ಅಳಿಸಿದ್ದೇನೆ. ರಸೀದಿ ಮೇಲ್ ಕೂಡ ಅಳಿಸಿದೆ. ಆದರೆ ಆರ್ಡರ್ ಹಿಸ್ಟರಿಯಲ್ಲಿ ಹೆಸರು, ತಾರೀಕು, ಮೊತ್ತ ಹಾಗೇ ಕೂತಿದೆ. ಐಫೋನಿನಲ್ಲಿ ಖರೀದಿಸಿದ ಆಪನ್ನು ಹೈಡ್ ಮಾಡಬಹುದು. ನಮ್ಮದು ಮೂರೂ ಆಂಡ್ರಾಯ್ಡ್.

ಇನ್ನು ಮುಂದೆ ನನಗೇ ಬೇರೆ ಜಿಮೇಲ್ ಮಾಡಿಕೊಳ್ಳುತ್ತೇನೆ. ಹಳೆಯದನ್ನು ಏನು ಮಾಡಲಿ? ಲೆಕ್ಕ, ಫೋಟೊ, ನಂಬರ್ ಎಲ್ಲ ಅದರಲ್ಲೇ ಇವೆ, ಖಾತೆಯನ್ನೇ ಅಳಿಸಲು ಆಗಲ್ಲ. ನಾಚಿಕೆಪಡುವಂಥದ್ದು ನಾನೇನೂ ಮಾಡಿಲ್ಲ. ಆದರೆ ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ನನಗೆ ಬಿಟ್ಟಿದ್ದು, ಅಲ್ವಾ? ಯಾರಾದರೂ ಇದನ್ನು ಮಾಡಿ ನೋಡಿದ್ದರೆ ದಯವಿಟ್ಟು ಹೇಳಿ.