ಟಂಡ್ರಾ 2012: ಟೈರ್ ಪ್ರೆಶರ್ ರಿಸೆಟ್ ಬಟನ್ ಒತ್ತಿದರೂ ದೀಪ ಆರುತ್ತಿಲ್ಲ

ಟೆಕ್ಸಾಸ್_ಟ್ರಕ್: ಅಮೆರಿಕದ ಗಾಡಿ, 2012ರ ಟೊಯೋಟಾ ಟಂಡ್ರಾ. ಕಂಪನಿ ಟೈರ್ ತೆಗೆದು ಎಲ್‌ಟಿ, ಇ-ಲೋಡ್ ಟೈರ್ (ಹೆಚ್ಚು ಭಾರ ಹೊರುವ ಲೈಟ್ ಟ್ರಕ್ ಟೈರ್) ಹಾಕಿಸಿದೆ. ಎರಡು ಚಕ್ರಕ್ಕೆ ಹೊಸ ಸೆನ್ಸರ್ (ಟೈರ್ ಒಳಗೆ ಕೂತು ಗಾಳಿಯ ಒತ್ತಡ ಅಳೆದು ತಿಳಿಸೋದು). ನಾಲ್ಕರಲ್ಲೂ 40 ಪಿಎಸ್‌ಐ ಇದೆ. ಇಗ್ನಿಷನ್ ಆನ್ ಮಾಡಿದರೆ ಹಳದಿ ದೀಪ ಒಂದು ನಿಮಿಷ ಮಿನುಗಿ, ಆಮೇಲೆ ಉರೀತಾನೇ ಇರುತ್ತೆ. ಸ್ಟೀರಿಂಗ್ ಕೆಳಗಿನ ಬಟನ್ ಒತ್ತಿ ಹಿಡಿದರೂ ಏನೂ ಆಗಲ್ಲ. ಬಟನ್ನೇ ಹೋಗಿದೆಯಾ?

ಗ್ಯಾರೇಜ್_ಗೆಳೆಯ: ಬಟನ್ ಮೇಲೆ ಅನುಮಾನ ಬೇಡ ಸರ್, ದೀಪವೇ ಉತ್ತರ ಹೇಳ್ತಿದೆ. ಮಿನುಗದೆ ಸುಮ್ಮನೆ ಉರಿದರೆ ಯಾವುದೋ ಟೈರಲ್ಲಿ ಗಾಳಿ ಕಮ್ಮಿ. ಮೊದಲು ಒಂದು ನಿಮಿಷ ಮಿನುಗಿ ಆಮೇಲೆ ನಿಂತು ಉರಿದರೆ ವ್ಯವಸ್ಥೆಯಲ್ಲೇ ದೋಷ, ಅಂದರೆ ಒಂದೋ ಎರಡೋ ಸೆನ್ಸರಿನ ಮಾತು ಇಸಿಯುಗೆ (ಗಾಡಿಯೊಳಗಿನ ನಿಯಂತ್ರಣ ಕಂಪ್ಯೂಟರಿಗೆ) ಕೇಳಿಸ್ತಿಲ್ಲ. ನಿಮ್ಮದು ಎರಡನೆಯದು.

ಪ್ರತಿ ಸೆನ್ಸರಿಗೂ ಅದರದೇ ಐಡಿ ಇರುತ್ತೆ. ಇಸಿಯು ತನ್ನ ಪಟ್ಟಿಯಲ್ಲಿರುವ ಐಡಿಗಳನ್ನಷ್ಟೇ ಕೇಳಿಸಿಕೊಳ್ಳೋದು. ರಿಸೆಟ್ ಬಟನ್ ಈ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ‘ಈಗ ಟೈರಲ್ಲಿರುವ ಒತ್ತಡವೇ ಸರಿಯಾದದ್ದು, ಇದಕ್ಕಿಂತ ಇಷ್ಟು ಇಳಿದರೆ ಎಚ್ಚರಿಸು’ ಅನ್ನೋದು ಅದರ ಒಂದೇ ಕೆಲಸ. ಹೊಸ ಸೆನ್ಸರಿನ ಐಡಿಯನ್ನು ಒಬಿಡಿ ಪೋರ್ಟಿಗೆ (ಗಾಡಿಯ ದೋಷ ಪರೀಕ್ಷೆಯ ಸಾಕೆಟ್ಟಿಗೆ) ಸ್ಕ್ಯಾನರ್ ಹಾಕಿಯೇ ಬರೆಯಬೇಕು. ಟೊಯೋಟಾದ ಸಾಫ್ಟ್‌ವೇರ್ ಟೆಕ್‌ಸ್ಟ್ರೀಮ್ ಆಗುತ್ತೆ, ಟೈರ್ ಅಂಗಡಿಯ ಟಿಪಿಎಂಎಸ್ (ಟೈರ್ ಒತ್ತಡ ನಿಗಾ ವ್ಯವಸ್ಥೆ) ಟೂಲ್ ಕೂಡ ಆಗುತ್ತೆ.

ಟೈರ್ ಪಕ್ಕ ಕೂತು ಗಾಳಿ ಬಿಡಿ, ಹಾರ್ನ್ ಹೊಡೆಯೋ ತನಕ ಕಾಯಿರಿ ಅನ್ನುವ ವಿಡಿಯೋಗಳು ಸಿಗುತ್ತವೆ. ಅದು ಜಿಎಂ (ಜನರಲ್ ಮೋಟರ್ಸ್) ಟ್ರಕ್‌ಗಳ ವಿಧಾನ. ಟಂಡ್ರಾದಲ್ಲಿ ಮಾಡಿದರೆ ಗಾಳಿ ಹೋಗುತ್ತೆ, ಅಷ್ಟೇ.

ಟೆಕ್ಸಾಸ್_ಟ್ರಕ್: ಯಾವ ಚಕ್ರದ್ದು ಕೇಳಿಸ್ತಿಲ್ಲ ಅಂತ ಪತ್ತೆ ಹೇಗೆ?

ವಾಲ್_ಕೋರ್: ಟೂಲನ್ನು ಒಂದೊಂದೇ ಚಕ್ರದ ವಾಲ್ (ಗಾಳಿ ತುಂಬುವ ಕೊಳವೆ) ಹತ್ತಿರ ಹಿಡಿದು ಟ್ರಿಗರ್ ಒತ್ತಿದರೆ ಐಡಿ, ಒತ್ತಡ ತೋರಿಸುತ್ತೆ. ಇಸಿಯುನಲ್ಲಿರುವ ಐಡಿಗಳನ್ನೂ ಓದಿಸಿ ತಾಳೆ ನೋಡಿ. ಟ್ರಿಗರ್ ಒತ್ತಿದರೂ ಉತ್ತರ ಬರದಿದ್ದರೆ ಸೆನ್ಸರ್ ಸತ್ತಿದೆ, ಇಲ್ಲವೇ ಫ್ರೀಕ್ವೆನ್ಸಿ ಬೇರೆ. ಅಮೆರಿಕದ ಟಂಡ್ರಾಗೆ 315 ಮೆಗಾಹರ್ಟ್ಸ್ ಬೇಕು, 433ರದ್ದು ಹಾಕಿದ್ದರೆ ಎಷ್ಟು ಬರೆದರೂ ಪ್ರಯೋಜನವಿಲ್ಲ.

ಪ್ರೋಗ್ರಾಂ ಮಾಡಬಹುದಾದ ಖಾಲಿ ಸೆನ್ಸರ್ ಆಗಿದ್ದರೆ ಹಳೆಯ ಐಡಿಯನ್ನೇ ಅದಕ್ಕೆ ನಕಲು ಮಾಡಿಸಿ, ಇಸಿಯು ಮುಟ್ಟುವ ಗೋಜೇ ಇಲ್ಲ. ಹಳೆ ಸೆನ್ಸರ್ ಎಸೆದಿದ್ದರೂ ಅದರ ಐಡಿ ಇಸಿಯುನಲ್ಲಿ ಉಳಿದಿರುತ್ತೆ.

ಉಳಿದೆರಡು ಸೆನ್ಸರ್ 2012ರವೇ ಆಗಿದ್ದರೆ ಅವನ್ನೂ ಬದಲಿಸಿಬಿಡಿ. ಬ್ಯಾಟರಿ ಒಳಗೇ ಸೀಲ್ ಆಗಿರುತ್ತೆ, ಬಿಚ್ಚಿ ಬದಲಿಸೋಕೆ ಬರಲ್ಲ, ಹತ್ತು ವರ್ಷ ದಾಟಿದರೆ ನಂಬುವ ಹಾಗಿಲ್ಲ. ಖರ್ಚು ಇರೋದು ರಿಮ್ಮಿಂದ ಟೈರ್ ಬಿಚ್ಚುವ ಕೂಲಿಯಲ್ಲಿ. ಅಲ್ಯೂಮಿನಿಯಂ ವಾಲಿಗೆ ನಿಕಲ್ ಲೇಪದ ಕೋರ್ (ವಾಲಿನ ಒಳಗೆ ತಿರುಗಿಸಿ ಕೂರಿಸುವ ಪಿನ್) ಮಾತ್ರ ಹಾಕಿ. ಹಿತ್ತಾಳೆಯದು ಹಾಕಿದರೆ ಉಪ್ಪುನೀರು ತಾಗಿ ಅಲ್ಲೇ ಕಚ್ಚಿಕೊಂಡು, ತೆಗೆಯುವಾಗ ವಾಲೇ ಮುರಿಯುತ್ತೆ.

ಗ್ಯಾರೇಜ್_ಗೆಳೆಯ: ಐಡಿ ಸೇರಿದ ಮೇಲೆ ಬಟನ್ ಸರದಿ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಲಿ. ಟೈರ್ ತಣ್ಣಗಿರುವಾಗ ಗೇಜ್ ಹಿಡಿದು ಗಾಳಿ ಸರಿ ಮಾಡಿ. ಗಾಡಿ ಅಲುಗಾಡದೆ ನಿಂತಿರುವಾಗ ಇಗ್ನಿಷನ್ ಆನ್ ಮಾಡಿ, ದೀಪ ನಿಧಾನಕ್ಕೆ ಮೂರು ಸಲ ಮಿನುಗುವ ತನಕ ಬಟನ್ ಒತ್ತಿ ಹಿಡಿಯಿರಿ. ಬಿಟ್ಟ ಮೇಲೆ ಕೆಲವು ನಿಮಿಷ ಇಗ್ನಿಷನ್ ಆನ್ ಇರಲಿ, ಆಮೇಲೆ ಆಫ್ ಮಾಡಿ. ಮೂರು ಸಲ ಮಿನುಗದಿದ್ದರೆ ರಿಸೆಟ್ ಶುರುವೇ ಆಗಿಲ್ಲ ಅಂತ ಲೆಕ್ಕ, ಮತ್ತೆ ಮಾಡಿ.

ಇಲ್ಲಿ ಒಂದು ಅಪಾಯ ಇದೆ. ಗಾಳಿ ಕಮ್ಮಿಯಿದ್ದಾಗ ದೀಪ ಆರಿಸೋಕೆ ಅಂತ ಬಟನ್ ಒತ್ತಿದರೆ ಆ ಕಮ್ಮಿ ಒತ್ತಡವೇ ಅಳತೆಗೋಲಾಗುತ್ತೆ. 24ರಲ್ಲಿ ಒತ್ತಿದಿರಿ ಅಂದುಕೊಳ್ಳಿ, ಮುಂದಿನ ಎಚ್ಚರಿಕೆ ಬರುವ ಹೊತ್ತಿಗೆ ಟೈರ್ ಬಿಸಿಯಾಗಿ ಹಾಳಾಗಿರುತ್ತೆ. ಅಮೆರಿಕದ ವಾಹನ ಸುರಕ್ಷತಾ ನಿಯಮ ಎಫ್‌ಎಂವಿಎಸ್‌ಎಸ್ 138ರ ಪ್ರಕಾರ ಶಿಫಾರಸಿಗಿಂತ ಶೇ 25 ಇಳಿದಾಗ ದೀಪ ಉರಿಯಬೇಕು, ಆದರೆ ಆ ಲೆಕ್ಕದ ಬುಡವನ್ನು ಬಟನ್ ಒತ್ತಿ ಕೊಡೋದು ನಾವೇ. ನಿಮಗೆ ಬೇಕಾದ್ದು ಇದರ ಉಲ್ಟಾ: ಎಲ್‌ಟಿ ಟೈರಿಗೆ ಅದೇ ಭಾರ ಹೊರೋಕೆ ಬಾಗಿಲ ಸ್ಟಿಕ್ಕರಿನ ಅಂಕಿಗಿಂತ ಹೆಚ್ಚು ಗಾಳಿ ಬೇಕು. 40ರಲ್ಲಿ ಒತ್ತಿದರೆ ಎಚ್ಚರಿಕೆ ಸುಮಾರು 30ಕ್ಕೇ ಬರುತ್ತೆ.

ಟೆಕ್ಸಾಸ್_ಟ್ರಕ್: ಚಳಿಗಾಲದಲ್ಲಿ ಮತ್ತೆ ಒತ್ತಬೇಕಾ?

ವಾಲ್_ಕೋರ್: ಬೇಡ, ಗಾಳಿ ಹಾಕಿ ಸಾಕು. ತಾಪ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಟೈರ್ ಹಿಂದೆ ಮುಂದೆ ಬದಲಾಯಿಸಿದಾಗಲೂ ನಾಲ್ಕಕ್ಕೂ ಒಂದೇ ಒತ್ತಡ ಇದ್ದರೆ ಒತ್ತಬೇಕಿಲ್ಲ. ಹಿಂದಿನದಕ್ಕೆ ಜಾಸ್ತಿ ಇಟ್ಟಿದ್ದರೆ ಮಾತ್ರ ಗಾಳಿ ಹೊಂದಿಸಿ ಒತ್ತಿ. ಸ್ಟೆಪ್ನಿ ಹಾಕಿ ಓಡಿಸುವಾಗ ಅದರಲ್ಲಿ ಸೆನ್ಸರ್ ಇಲ್ಲದಿದ್ದರೆ ದೀಪ ಮತ್ತೆ ಮಿನುಗುತ್ತೆ, ಆಗ ಬಟನ್ ತಂಟೆಗೆ ಹೋಗಬೇಡಿ.