ಸರಿಯಾದ ಪದಕ್ಕೂ ಕೆಂಪು ಗೆರೆ, ಫೋನಿನಲ್ಲಿ ತಾನಾಗಿ ಬದಲಾಗುವ ಪದ: ಏನು ಮಾಡುವುದು?

ಪ್ರಶ್ನೆ:
ಲಿಬ್ರೆಆಫೀಸ್ ರೈಟರ್‌ನಲ್ಲಿ 120 ಪುಟದ ಕನ್ನಡ ಕಡತ ತಿದ್ದಬೇಕಿದೆ. ‘ಸಂಬಂಧ’, ‘ಅಂಗಡಿ’ಯಂಥ ಮಾಮೂಲಿ ಪದಗಳ ಕೆಳಗೂ ಕೆಂಪು ಗೆರೆ ಬರುತ್ತಿದೆ. ಅದೇ ಪದ ಒಂದು ಪುಟದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು! ‘ಮನೆಗಳಲ್ಲೂ’ ಕೂಡ ತಪ್ಪಂತೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆದರೆ ‘ಹಳೆ’ ಹೋಗಿ ‘ಹಾಳೆ’ ಬಂದು ಕೂರುತ್ತದೆ. ಗೆರೆ ಬಿದ್ದ ಪದಗಳನ್ನೆಲ್ಲ ‘ಆಡ್ ಟು ಡಿಕ್ಷನರಿ’ ಮಾಡಿಬಿಡಲೇ? ಏಳೆಂಟು ಪದ ಆಗಲೇ ಸೇರಿಸಿದ್ದೇನೆ.

ಉತ್ತರ 1:
ದಯವಿಟ್ಟು ಇನ್ನು ಸೇರಿಸಬೇಡಿ. ಒಂದೇ ಪದ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂದರೆ ಬಹುಮಟ್ಟಿಗೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ ಎಂದೇ ಅರ್ಥ. ‘ಸಂಬಂಧ’, ‘ಸ೦ಬ೦ಧ’ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ‘೨೦’ರಲ್ಲಿ ಬರುವ ಅಂಕಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅಂಥ ಪದವನ್ನು ಡಿಕ್ಷನರಿಗೆ ಸೇರಿಸಿದರೆ ತಪ್ಪಿಗೇ ಮುದ್ರೆ ಒತ್ತಿದಂತೆ: ಮುಂದೆ ಗೆರೆ ಬರುವುದಿಲ್ಲ, ಸರಿಯಾಗಿ ಟೈಪ್ ಮಾಡಿ ಹುಡುಕಿದರೆ ಆ ಪದ ಸಿಗುವುದೂ ಇಲ್ಲ.

ಪರೀಕ್ಷೆ ಸುಲಭ. ಕರ್ಸರನ್ನು ಪದದ ಮೊದಲಿಗಿಟ್ಟು ಬಲಬಾಣದ ಕೀಲಿ ಒತ್ತಿ. ‘ಸಂ’ ಒಂದೇ ಹೆಜ್ಜೆಗೆ ದಾಟಿದರೆ ಅನುಸ್ವಾರ. ಎರಡು ಹೆಜ್ಜೆ ಬೇಕಾದರೆ ಸೊನ್ನೆ.

ತಿದ್ದುವಾಗ ಕಡತದ ಒಂದು ಪ್ರತಿಯನ್ನು ಮೊದಲು ತೆಗೆದಿಟ್ಟುಕೊಳ್ಳಿ. ಸುಮ್ಮನೆ ಎಲ್ಲ ೦ ತೆಗೆದು ಂ ಹಾಕಿದರೆ ‘೨೦೧೦’ರಂಥ ಇಸವಿಗಳೆಲ್ಲ ಕೆಡುತ್ತವೆ. ಕಂಟ್ರೋಲ್+ಎಚ್ ಒತ್ತಿ, ‘ಅದರ್ ಆಪ್ಷನ್ಸ್’ ಕೆಳಗೆ ‘ರೆಗ್ಯುಲರ್ ಎಕ್ಸ್‌ಪ್ರೆಷನ್ಸ್’ಗೆ ಟಿಕ್ ಹಾಕಿ. ಫೈಂಡ್‌ನಲ್ಲಿ ([ಅ-ೌ])೦ ಎಂದೂ ರೀಪ್ಲೇಸ್‌ನಲ್ಲಿ $1ಂ ಎಂದೂ ಕೊಡಿ. ಅಕ್ಷರ ಅಥವಾ ಸ್ವರಚಿಹ್ನೆಯ ನಂತರವೇ ಬಂದ ಸೊನ್ನೆ ಮಾತ್ರ ಬದಲಾಗುತ್ತದೆ, ಅಂಕಿಯ ನಂತರ ಬಂದದ್ದು ಹಾಗೇ ಉಳಿಯುತ್ತದೆ. ಮೊದಲ ಹತ್ತಿಪ್ಪತ್ತನ್ನು ಒಂದೊಂದಾಗಿ ಬದಲಿಸಿ ನೋಡಿ, ಆಮೇಲೆ ‘ರೀಪ್ಲೇಸ್ ಆಲ್’.

ಉತ್ತರ 2:
‘ಮನೆಗಳಲ್ಲೂ’ ವಿಷಯ ಬೇರೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡರಲ್ಲೂ ಪದ ಪರೀಕ್ಷಿಸುವ ತಂತ್ರಾಂಶ ಹನ್‌ಸ್ಪೆಲ್. ಅದರಲ್ಲಿ ಮೂಲಪದಗಳ ಪಟ್ಟಿ ಒಂದು ಕಡತ, ಪ್ರತ್ಯಯದ ನಿಯಮಗಳು ಇನ್ನೊಂದು. ಪ್ರತ್ಯಯಗಳನ್ನು ಅದು ಕಳಚುವುದು ಎರಡು ಹಂತದವರೆಗೆ. ಮನೆ+ಗಳು+ಅಲ್ಲಿ+ಊ ಎಂದರೆ ಮೂರು ಹಂತ, ಜೊತೆಗೆ ಸಂಧಿ. ನಿಯಮ ಬರೆದವರು ‘ಗಳಲ್ಲೂ’ ಎಂಬುದನ್ನು ಒಟ್ಟಿಗೇ ಸೇರಿಸಿರದಿದ್ದರೆ ಗೆರೆ ಬಿದ್ದೇ ಬೀಳುತ್ತದೆ. ಇಂಥ ಪದವನ್ನು ಧೈರ್ಯವಾಗಿ ಸೇರಿಸಿ.

ಗೆರೆ ಇಲ್ಲದ್ದೆಲ್ಲ ಸರಿ ಎಂದೂ ತಿಳಿಯಬೇಡಿ. ‘ಹಾಡು’ ಇರಬೇಕಾದಲ್ಲಿ ‘ಆಡು’ ಇದ್ದರೆ, ‘ಕಳೆ’ ಬದಲು ‘ಕಲೆ’ ಇದ್ದರೆ ಪರೀಕ್ಷಕ ಸುಮ್ಮನಿರುತ್ತದೆ, ಎರಡೂ ನಿಘಂಟಿನ ಪದಗಳೇ. ಅದಕ್ಕೆ ಕಣ್ಣಿಟ್ಟು ಓದುವುದೊಂದೇ ದಾರಿ.

ಉತ್ತರ 3:
ಫೋನಿನದು: ಗೂಗಲ್ ಕೀಬೋರ್ಡಾದ ಜಿಬೋರ್ಡ್ ಆದರೆ ಸೆಟ್ಟಿಂಗ್ಸ್‌ನ ‘ಟೆಕ್ಸ್ಟ್ ಕರೆಕ್ಷನ್’ನಲ್ಲಿ ‘ಆಟೋ ಕರೆಕ್ಷನ್’ ಆಫ್ ಮಾಡಿ, ಸಲಹೆಯ ಪಟ್ಟಿ ಮಾತ್ರ ಇರಲಿ. ಬೇಡದ ಪದ ಪಟ್ಟಿಯಲ್ಲಿ ಪದೇ ಪದೇ ಬಂದರೆ ಅದನ್ನು ಒತ್ತಿ ಹಿಡಿದು ಕಸದ ಬುಟ್ಟಿಯ ಚಿಹ್ನೆಗೆ ಎಳೆಯಿರಿ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರೆಗೂ ಹಳೆ–ಹಾಳೆ ಗೊಂದಲ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಹ್ರಸ್ವ ದೀರ್ಘ, ಲ ಳ ಎಲ್ಲವನ್ನೂ ಕೀಬೋರ್ಡ್ ಊಹಿಸಲೇಬೇಕು. ನೇರ ಕನ್ನಡ ಅಕ್ಷರಗಳ ಕೀಬೋರ್ಡಿಗೆ ಬಂದರೆ ಈ ಊಹೆಯ ಕಾಟ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಬಾಣದ ಪರೀಕ್ಷೆ ಮಾಡಿದೆ, ಸೊನ್ನೆಯೇ. ಆಗಲೇ ಸೇರಿಸಿಬಿಟ್ಟ ಪದಗಳನ್ನು ತೆಗೆಯುವುದು ಹೇಗೆ?

ಉತ್ತರ 1:
ಟೂಲ್ಸ್ → ಆಪ್ಷನ್ಸ್ → ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್ → ರೈಟಿಂಗ್ ಏಡ್ಸ್. ‘ಯೂಸರ್ ಡಿಫೈನ್ಡ್ ಡಿಕ್ಷನರೀಸ್’ ಪಟ್ಟಿಯಲ್ಲಿ ‘ಸ್ಟ್ಯಾಂಡರ್ಡ್’ ಆರಿಸಿ ‘ಎಡಿಟ್’ ಒತ್ತಿ. ಸೊನ್ನೆ ಇರುವ ಪದ ಆರಿಸಿ ‘ಡಿಲೀಟ್’ ಕೊಡಿ. ಕಡತದಲ್ಲಿ ಸೊನ್ನೆ ಬದಲಿಸುವ ಮೊದಲೇ ಇದನ್ನು ಮುಗಿಸಿ. ಅಲ್ಲೇ ಕೆಳಗೆ ‘ಚೆಕ್ ವರ್ಡ್ಸ್ ವಿತ್ ನಂಬರ್ಸ್’ಗೆ ಟಿಕ್ ಇದ್ದರೆ, ಎಲ್ಲಾದರೂ ಒಂದು ಸೊನ್ನೆ ತಪ್ಪಿಸಿಕೊಂಡು ಉಳಿದಿದ್ದರೂ ಅದರ ಕೆಳಗೆ ಗೆರೆ ಬರುತ್ತದೆ.