ಪಾಸೋವರ್‌ಗೆ ಇಡ್ಲಿ ನಡೆಯುತ್ತಾ?

ಗೀತಕ್ಕ ಬಾಸ್ಟನ್ ಹತ್ತಿರದ ಒಂದು ಯಹೂದಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಮೂರ್ತಿಯ ಮಾವ ರಾಯರು ಮೈಸೂರಿನಿಂದ ಬಂದಾಗಿನಿಂದ ಅವರಿಗೆ ಅದೊಂದು ಬಗೆಹರಿಯದ ಒಗಟು. ಭಾನುವಾರ ಕಾಫಿಗೆ ಸೇರಿದಾಗ ಕೇಳಿಯೇ ಬಿಟ್ಟರು.

"ನೀವು ಯಹೂದಿ ಅಲ್ಲವಲ್ಲಮ್ಮಾ, ಹೇಗೆ ಸೇರಿಸಿಕೊಂಡರು?"

"ತ್ರಿಕೋನಮಿತಿಗೆ ಜಾತಿ ಇಲ್ಲ ರಾಯರೇ. ಹೀಬ್ರೂ ಭಾಷೆ, ಅವರ ಧರ್ಮಗ್ರಂಥ ತೋರಾ, ಧರ್ಮಶಾಸ್ತ್ರದ ವಾದಗಳ ಗ್ರಂಥ ತಾಲ್ಮುದ್ ಹೇಳಿಕೊಡೋಕೆ ಅವರವರೇ ಇದ್ದಾರೆ. ಮಿಕ್ಕ ಪಾಠಗಳಿಗೆ ನಮ್ಮಂಥವರು."

"ಶುಕ್ರವಾರ ಬೇಗ ಮನೆಗೆ ಬರ್ತಾರೆ ಮಾವ, ಅದನ್ನ ಹೇಳಲ್ಲ ನೋಡಿ" ಎಂದ ಮೂರ್ತಿ. ಅವನಿಗೆ ಹೊಟ್ಟೆಕಿಚ್ಚು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಶುಕ್ರವಾರ ಸೂರ್ಯ ಮುಳುಗಿದರೆ ಯಹೂದಿಗಳ ವಿಶ್ರಾಂತಿಯ ದಿನ ಸಬ್ಬತ್ತು ಶುರು. ಅಷ್ಟರೊಳಗೆ ಮಕ್ಕಳು ಮನೆ ಸೇರಬೇಕು.

"ಆ ಶಾಲೆ ಯಾವ ಮಠದವರದ್ದು?"

"ಅದೇ ವಿಶೇಷ. ಎಲ್ಲ ಮಠದವರದ್ದೂ. ಆರ್ಥಡಾಕ್ಸ್, ಕನ್ಸರ್ವೇಟಿವ್, ರಿಫಾರ್ಮ್, ದೇವರನ್ನೇ ನಂಬದ ಮನೆಯ ಮಕ್ಕಳು, ಎಲ್ಲರೂ ಇದ್ದಾರೆ. ಬೆಳಗಿನ ಪ್ರಾರ್ಥನೆಗೆ ಬೇರೆ ಬೇರೆ ಕೋಣೆ. ಒಂದರಲ್ಲಿ ಹುಡುಗ ಹುಡುಗಿಯರ ನಡುವೆ ಪರದೆ. ಪಕ್ಕದ್ದರಲ್ಲಿ ಹುಡುಗಿಯೇ ಮುಂದೆ ನಿಂತು ನಡೆಸ್ತಾಳೆ. ಇನ್ನೊಂದರಲ್ಲಿ ಧ್ಯಾನ. ಮತ್ತೊಂದರಲ್ಲಿ ದೇವರು ಇದ್ದಾನೋ ಇಲ್ಲವೋ ಅಂತ ವಾದ."

"ವಾದ ಮಾಡೋದೂ ಪ್ರಾರ್ಥನೆಯೇನಮ್ಮಾ?"

"ಹಾಜರಿ ಅಂತೂ ಸಿಗುತ್ತೆ."

ಒಟ್ಟಾಗಿ ಪ್ರಾರ್ಥಿಸಲು ಹತ್ತು ಜನ ಬೇಕಂತೆ. ಪರದೆಯ ಕೋಣೆಯಲ್ಲಿ ಗಂಡುಮಕ್ಕಳದ್ದಷ್ಟೇ ಲೆಕ್ಕ, ಪಕ್ಕದಲ್ಲಿ ಎಲ್ಲರದ್ದೂ. ಆದರೆ ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವ ಹಾಗಿಲ್ಲ. ಅದಕ್ಕೆಂದೇ ಹತ್ತು ಪದಗಳಿರುವ ಕೀರ್ತನೆಯ ಒಂದು ಸಾಲಿದೆ. ತಲೆಗೊಂದು ಪದ ಹೇಳುತ್ತಾ ಹೋಗುತ್ತಾರೆ. ಸಾಲು ಮುಗಿದರೆ ಜನ ಆದರು.

"ಸಂಬಳ ಕೊಟ್ಟು ಗಣಿತದ ಟೀಚರ್ ಇಟ್ಟುಕೊಂಡು ಎಣಿಸಬೇಡಿ ಅಂದ್ರೆ ಹೇಗೆ!" ಎಂದ ಮೂರ್ತಿ.

ನನಗೆ ಬೇರೆ ಅನುಮಾನ. "ಪ್ರಾರ್ಥನೆಗೇನೋ ಬೇರೆ ಬೇರೆ ಕೋಣೆ ಮಾಡಬಹುದು. ಅಡುಗೆಮನೆ?"

"ಒಂದೇ. ಅಲ್ಲಿ ಅತಿ ಮಡಿಯವರ ನಿಯಮವೇ ಎಲ್ಲರಿಗೂ. ಮಾಂಸ ಹಾಲು ಸೇರೋ ಹಾಗಿಲ್ಲ. ಹೊರಗಿನ ಪಿಜ್ಜಾ ಬರೋ ಹಾಗಿಲ್ಲ."

"ಇದೆಂಥ ಸಮಾನತೆ?" ಎಂದು ಮೂರ್ತಿ ಎಗರಿದ. ಯುಗಾದಿ ಊಟದಲ್ಲಿ ನಾಲ್ಕು ಜನರಿಗಾಗಿ ಇಡೀ ಕನ್ನಡ ಕೂಟ ಈರುಳ್ಳಿ ಬಿಡುವುದಿಲ್ಲವೇ? ಸಡಿಲ ಇರುವವನು ಮಡಿಯವನ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಮಡಿಯವನು ಈ ಕಡೆ ಬರಲಾರ. ನನ್ನ ಪ್ರಕಾರ ಶಾಲೆಯವರು ಮಾಡಿದ್ದೇ ಸರಿ. ಈರುಳ್ಳಿ ವಿಷಯದಲ್ಲಿ ಮಾತ್ರ ನನಗೂ ಸ್ವಲ್ಪ ದುಃಖವಿದೆ.

"ಇಡ್ಲಿ ಕಥೆ ಕೇಳಿ" ಎಂದರು ಗೀತಕ್ಕ. ಒಂದು ದಿನ ಕ್ಲಾಸಿನಲ್ಲಿ ಸುಮ್ನೆ ಬೆಳಗಿನ ತಿಂಡಿ ಇಡ್ಲಿ ಎಂದರಂತೆ. ಹೇಗೆ ಮಾಡೋದು ಅಂತ ಒಬ್ಬ ಕೇಳಿದ. ಅಕ್ಕಿ, ಉದ್ದಿನಬೇಳೆ, ರಾತ್ರಿಯೆಲ್ಲ ಹುದುಗು. ಹುದುಗು ಎಂದಿದ್ದೇ ತಡ, "ಪಾಸೋವರ್‌ಗೆ ನಡೆಯುತ್ತಾ ಮಿಸ್?" ಪಾಸೋವರ್ ಯಹೂದಿಗಳ ಹಬ್ಬ. ಅವರ ಪೂರ್ವಜರು ಈಜಿಪ್ಟಿನಿಂದ ಅವಸರದಲ್ಲಿ ಹೊರಟಾಗ ಹಿಟ್ಟು ಉಬ್ಬಲು ಸಮಯವಿರಲಿಲ್ಲ. ಅದರ ನೆನಪಿಗೆ ಆ ಹಬ್ಬದಲ್ಲಿ ಹುಳಿ ಬಂದ ಹಿಟ್ಟು ಮನೆಯಲ್ಲೇ ಇರಬಾರದು.

ಅಲ್ಲಿಗೆ ಲಾಗರಿದಮ್ ಪಾಠ ಮುಗಿಯಿತು. ಈ ಮಕ್ಕಳು ತಾಲ್ಮುದ್ ಓದುವುದೇ ಜೋಡಿ ಜೋಡಿಯಾಗಿ, ನಡುವೆ ಪುಸ್ತಕ ಇಟ್ಟುಕೊಂಡು, ವಾದ ಮಾಡುತ್ತಾ. ಅದಕ್ಕೆ 'ಹೆವ್ರೂತಾ' ಅನ್ನುತ್ತಾರೆ. ಅಭ್ಯಾಸ ಬಲ.

ಮೊದಲನೆಯವನು: "ನಿಷೇಧ ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಅನ್ನೋ ಗೋಧಿಯಂಥ ಧಾನ್ಯ, ಈ ಐದಕ್ಕೆ. ಆ ಹಿಟ್ಟು ನೀರು ಕಲಸಿ 18 ನಿಮಿಷ ಸುಮ್ಮನಿಟ್ಟರೆ ಕೆಟ್ಟಿತು. ಅಕ್ಕಿ ಪಟ್ಟಿಯಲ್ಲೇ ಇಲ್ಲ. ಇಡ್ಲಿ ಪಾಸ್."

ಪೋಲೆಂಡ್ ಮೂಲದ ಹುಡುಗಿ: "ನಮ್ಮಲ್ಲಿ ಅಕ್ಕಿನೂ ಇಲ್ಲ, ಬೇಳೆನೂ ಇಲ್ಲ."

ಬಾಗ್ದಾದ್ ಕಡೆಯವನು: "ನಮ್ಮಜ್ಜಿ ಗೋಧಿ ಕಾಳು ಸೇರಿರಬಾರದು ಅಂತ ಅಕ್ಕಿನ ಮೂರು ಸಲ ಆರಿಸಿ ಅನ್ನ ಮಾಡ್ತಾರೆ."

"ಮೊರದಲ್ಲಾ?" ರಾಯರು ಮುಂದಕ್ಕೆ ಬಾಗಿದರು. ಬಾಗ್ದಾದ್ ಅಜ್ಜಿ ಅವರಿಗೆ ಹಿಡಿಸಿಬಿಟ್ಟರು.

ಇನ್ನೊಬ್ಬಳು ಕನ್ಸರ್ವೇಟಿವ್ ಪಂಥದ ರಬ್ಬಿಗಳ, ಅಂದರೆ ಧರ್ಮಗುರುಗಳ, ಸಮಿತಿ 2015ರಲ್ಲೇ ಅಕ್ಕಿ ಬೇಳೆಗೆ ಒಪ್ಪಿಗೆ ಕೊಟ್ಟಿದೆ ಎಂದಳು. ಆಗ ಹಿಂದಿನ ಬೆಂಚಿನವನು ತಾಲ್ಮುದ್ ತೆಗೆದ. ಗೋಧಿ ಹಿಟ್ಟು ಹುಳಿ ಬರುತ್ತದೆ, ಅಕ್ಕಿಗೆ ಹುಳಿ ಬರುವುದಿಲ್ಲ, ಅದು ಬರೀ ಕೊಳೆಯುತ್ತದೆ ಎಂದು ಅದರಲ್ಲಿದೆಯಂತೆ.

"ಅಂದ್ರೆ ನನ್ನ ಇಡ್ಲಿ ಹಿಟ್ಟು ಕೊಳೆತದ್ದು! ಕೊಳೆತದ್ದು ಅನ್ನೋ ಕಾರಣಕ್ಕೆ ಹಬ್ಬಕ್ಕೆ ಪಾಸ್!" ಗೀತಕ್ಕನ ಸಿಟ್ಟು ಇನ್ನೂ ಇಳಿದಿಲ್ಲ.

ರಬ್ಬಿ ಯೋಹಾನಾನ್ ಬೆನ್ ನೂರಿ ಎಂಬವರು ಇದನ್ನು ಒಪ್ಪಿರಲಿಲ್ಲ. ಅಕ್ಕಿಯೂ ಗೋಧಿಯಂತೆ ಹುಳಿ ಬರುವ ಧಾನ್ಯವೇ ಎಂದಿದ್ದರು. ಅವರ ಮಾತು ನಡೆಯಲಿಲ್ಲ. ಆದರೂ ಪುಸ್ತಕದಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಅದೇ ತಾಲ್ಮುದ್ದಿನಲ್ಲಿ ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಗುರುಗಳ ಎರಡು ಪಂಗಡಗಳ ವಾದ ಮೂರು ವರ್ಷ ನಡೆಯಿತಂತೆ. ಎರಡೂ ದೇವರ ಮಾತೇ, ಆದರೆ ನಡೆಯುವುದು ಹಿಲ್ಲೆಲ್ ಪಂಗಡದ್ದು ಎಂದು ಆಕಾಶವಾಣಿಯಾಯಿತು. ಕಾರಣ? ಅವರು ಎದುರಾಳಿಯ ಮಾತನ್ನು ಮೊದಲು ಹೇಳಿ, ಆಮೇಲೆ ತಮ್ಮದನ್ನು ಹೇಳುತ್ತಿದ್ದರು.

"ನಮ್ಮ ವಾಟ್ಸಾಪ್ ಗ್ರೂಪಿಗೆ ಈ ನಿಯಮ ತಂದ್ರೆ ಗ್ರೂಪೇ ಮುಚ್ಚಬೇಕಾಗುತ್ತೆ" ಎಂದ ಮೂರ್ತಿ.

"ಅದಿರಲಿ, ಕೊನೆಗೆ ತೀರ್ಪೇನು?" ರಾಯರಿಗೆ ತಡೆಯಲಾಗಲಿಲ್ಲ.

"ಇಡ್ಲಿ ಅವರವರ ಮನೆಗೆ ಬಿಟ್ಟದ್ದು. ಸಾಂಬಾರ್ ಮಾತ್ರ ಎಲ್ಲರಿಗೂ ಫೇಲ್."

"ಸಾಂಬಾರ್ ಏನು ಮಾಡಿತು?"

"ಇಂಗು. ಡಬ್ಬಿ ಹಿಂದೆ ಓದಿ."

ರಾಯರು ಎದ್ದು ಅಡುಗೆಮನೆಗೆ ಹೋದರು. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. "ಗೋಧಿ ಹಿಟ್ಟು! ಅಯ್ಯೋ, ಇಷ್ಟು ವರ್ಷ ಏಕಾದಶಿಗೆ..." ಎಂದು ಅಲ್ಲೇ ನಿಂತರು.

ಮೂರ್ತಿ ಮಾತು ತಿರುಗಿಸಿದ. "ಹಾಗಾದ್ರೆ ಪಾಸೋವರ್ ವಾರ ಸ್ಕೂಲಲ್ಲಿ ಏನು ತಿಂತೀರಿ ಗೀತಕ್ಕ?"

"ಸ್ಕೂಲಿಗೆ ರಜೆ ಕಣೋ. ಮನೆಯಲ್ಲಿ ಕೂತು ಇಡ್ಲಿ ಸಾಂಬಾರ್ ತಿಂತೀನಿ."